ಕೆಂಪು, ಹಸುರು ಮತ್ತು ಸೈನಿಕನ ಕಣ್ಣು

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬುದು ನಮ್ಮಲ್ಲಿ ಪ್ರಸಿದ್ಧವಾದ ಗಾದೆ. ಬಣ್ಣ ತಪ್ಪಿ ಕಂಡರೆ ಅದು ರೋಗ, ಇಲ್ಲವೆ ಮನಸ್ಸಿನ ಕೇಡು ಎಂದು ಎಣಿಸುವುದು ರೂಢಿ. ಆದರೆ ರೋಗವೂ ಅಲ್ಲದ, ಕೇಡೂ ಅಲ್ಲದ ಇನ್ನೊಂದು ನೋಟವುಂಟು. ಕೆಂಪು ಹಸುರುಗಳ ಭೇದವನ್ನು ಚೆನ್ನಾಗಿ ಅರಿಯದ ಆ ಕಣ್ಣಿಗೆ ವರ್ಣಾಂಧತೆ ಎಂಬ ಕಠೋರವಾದ ಹೆಸರು ಬಿದ್ದಿದೆ. ಇದು ಸಾಮಾನ್ಯವಾಗಿ ಹುಟ್ಟಿನೊಡನೆ ಬಂದುದು. ದೂರದ ಅಕ್ಷರವನ್ನು ಓದುವ ಚುರುಕಿಗೆ ಇದರಿಂದ ಕುಂದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ತನ್ನ ಕಣ್ಣಿನ ಈ ವಿಲಕ್ಷಣತೆಯನ್ನೇ 1794ರಲ್ಲಿ ವಿದ್ವಾಂಸರ ಸಭೆಯ ಮುಂದಿಟ್ಟನು.

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ನರ ವಸತಿಯುಂಟು. ಅವರ ಪ್ರಾರ್ಥನಾ ಪತಾಕೆಗಳಿಗೆ ನೀಲಿ, ಬಿಳಿ, ಕೆಂಪು, ಹಸುರು, ಹಳದಿ ಎಂಬ ಕ್ರಮವಿದೆ. ವರ್ಣಾಂಧನಾದ ಬಾಲಕನೂ ಈ ಸಾಲನ್ನು ತಪ್ಪದೆ ಒಪ್ಪಿಸಬಲ್ಲನು. ಮೂರನೆಯದು ಕೆಂಪು, ನಾಲ್ಕನೆಯದು ಹಸುರು ಎಂದು ಅವನಿಗೆ ಗೊತ್ತು. ಎಲೆ ಹಸುರು, ಕುಂಕುಮ ಕೆಂಪು ಎಂದು ತಾಯ್ನುಡಿಯೂ ತೊಟ್ಟಿಲಿನಿಂದಲೇ ಹೇಳಿಕೊಟ್ಟಿರುತ್ತದೆ. ಕಣ್ಣು ಕೊಡದುದನ್ನು ಮಾತು ಕೊಡುತ್ತದೆ. ಈ ಔದಾರ್ಯದಿಂದಲೇ ಸತ್ಯ ಮರೆಯಾಗುತ್ತದೆ: ಅವನಿಗಾಗಲಿ ಮನೆಯವರಿಗಾಗಲಿ ಸಂದೇಹವೇ ಹುಟ್ಟುವುದಿಲ್ಲ.

ಮಾತಿನ ಈ ಆಸರೆಯನ್ನು ಕಳಚುವುದೇ ಸೈನ್ಯದ ಪರೀಕ್ಷೆ. ಜಪಾನಿನ ನೇತ್ರತಜ್ಞ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಫಲಕಗಳಲ್ಲಿ ಎಲೆಯಿಲ್ಲ, ಕುಂಕುಮವಿಲ್ಲ. ಬಣ್ಣದ ಚುಕ್ಕೆಗಳ ನಡುವೆ ಅಂಕಿಯೊಂದು ಅಡಗಿದೆ, ಅಷ್ಟೆ. ನಮ್ಮ ಭೂಸೇನೆಯ ಅಧಿಕಾರಿಯಾಗಬಯಸುವವನು ಮಾರ್ಟಿನ್ ಲಾಂದ್ರದ ಬಿಳಿ, ಕೆಂಪು, ಹಸುರು ಬೆಳಕುಗಳನ್ನು ಒಂದೂವರೆ ಮೀಟರ್ ದೂರದಿಂದ ಗುರುತಿಸಬೇಕು, ಇಲ್ಲವೆ ಇಂಥ ಫಲಕಗಳನ್ನು ಓದಬೇಕೆಂಬುದು ಆಯ್ಕೆಯ ಪ್ರಕಟಣೆಗಳಲ್ಲಿ ಕಂಡುಬಂದಿರುವ ಅಳತೆ. ವಿಮಾನ ನಡೆಸುವವನಿಗೆ ಅಳತೆ ಇನ್ನೂ ಬಿಗಿ.

ಇದನ್ನು ನಿರ್ದಯವೆನ್ನಲಾಗದು. ಹಡಗಿಗೂ ವಿಮಾನಕ್ಕೂ ಎಡಗಡೆ ಕೆಂಪು ದೀಪ, ಬಲಗಡೆ ಹಸುರು ದೀಪ. ಕತ್ತಲಲ್ಲಿ ಎದುರಿನದು ಯಾವ ಕಡೆಗೆ ಸಾಗುತ್ತಿದೆಯೆಂಬುದನ್ನು ಈ ಎರಡು ಬಣ್ಣಗಳೇ ತಿಳಿಸಬೇಕು. ಅಲ್ಲಿ ಗಾದೆ ನೆರವಾಗದು, ಬಾಯಿಪಾಠ ನೆರವಾಗದು. ಒಬ್ಬನ ಕಣ್ಣನ್ನು ನಂಬಿ ಹಲವರ ಪ್ರಾಣವಿರುತ್ತದೆ.

ನಿರ್ದಯವಾದುದು ನಿಯಮವಲ್ಲ, ಅದು ತಿಳಿಯುವ ಕಾಲ. ಕೊಡಗಿನ ನೆರೆಯಲ್ಲಿರುವ ಪಿರಿಯಾಪಟ್ಟಣ, ಹುಣಸೂರುಗಳ ಹುಡುಗನೊಬ್ಬ ಕಾರಿಯಪ್ಪ, ತಿಮ್ಮಯ್ಯರ ಕಥೆ ಕೇಳಿ ಬೆಳೆದು, ಮುಂಜಾವದಲ್ಲಿ ಓಡಿ ಮೈ ಗಟ್ಟಿಮಾಡಿ, ಕೊನೆಗೆ ವೈದ್ಯನೆದುರು ಒಂದು ಪುಟ ತಿರುವಿದಾಗ ಅವನ ವರ್ಷಗಳ ಕನಸು ಒಡೆಯುತ್ತದೆ. ಅದೇ ಪುಟವನ್ನು ಹತ್ತನೆಯ ವಯಸ್ಸಿನಲ್ಲಿ ತೋರಿಸಿದ್ದರೆ ಅವನ ಆಸೆ ಬೇರೆ ದಾರಿ ಹಿಡಿಯುತ್ತಿತ್ತು. ನಮ್ಮ ಶಾಲೆಗಳಿಗೆ ಈ ಪರೀಕ್ಷೆ ಹೊರೆಯಲ್ಲ. ಒಂದು ಪುಸ್ತಕ, ಒಳ್ಳೆಯ ಹಗಲು ಬೆಳಕು, ಕೆಲವು ನಿಮಿಷಗಳು, ಸಂದೇಹವುಳ್ಳವನಿಗೆ ವೈದ್ಯರ ಸಲಹೆ.

ಇನ್ನೊಂದು ಮಾತು. ಈ ನೋಟ ಬಹುಮಟ್ಟಿಗೆ ತಾಯಿಯ ಮೂಲಕ ಗಂಡುಮಗನಿಗೆ ಬರುತ್ತದೆ. ಸಾಮಾನ್ಯವಾಗಿ ತಾಯಿಗೆ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಆದುದರಿಂದ ಯಾರನ್ನೂ ದೂರುವಂತಿಲ್ಲ. ಬಣ್ಣದ ಹೆಸರನ್ನು ಮಕ್ಕಳಿಗೆ ಕಲಿಸುವ ನಾವು, ಆ ಹೆಸರಿನ ಹಿಂದೆ ಬಣ್ಣವಿದೆಯೇ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.