ಕಬ್ಬು ಎಷ್ಟು ದೂರ, ಕಾರ್ಖಾನೆ ಎಷ್ಟು ದೊಡ್ಡದು?

ಯಾರಾದರೂ ಹೊಸದಾಗಿ ಕಾರ್ಖಾನೆ ಹಾಕುತ್ತಾರೆಂದರೆ ನಾವು ಕೇಳುವುದು ಎರಡೇ ಪ್ರಶ್ನೆ: ಜಾಗ ಎಲ್ಲಿ ಸಿಕ್ಕಿತು? ಮಿಷನ್ ಎಷ್ಟು ದೊಡ್ಡದು? ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕೇಳುತ್ತೇವೆ. ಹಾಕುವವರೂ ಹಾಗೇ ಉತ್ತರ ಹುಡುಕುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ತಪ್ಪು ಕಲ್ಪನೆ: ಜಾಗ ಅಗ್ಗವಾಗಿ ಸಿಕ್ಕರೆ ಅರ್ಧ ಗೆದ್ದಂತೆ.

ವಾಸ್ತವ: ಜಾಗದ ದುಡ್ಡು ಒಮ್ಮೆ ಕೊಡುವುದು, ಲಾರಿ ಬಾಡಿಗೆ ದಿನಾ ಕೊಡುವುದು. ಊರಿಂದ 30 ಕಿ.ಮೀ. ಆಚೆ ಹೋದದ್ದಕ್ಕೆ 40 ಲಕ್ಷ ರೂಪಾಯಿ ಉಳಿಯಿತು ಎಂದುಕೊಳ್ಳಿ. ನೂರಕ್ಕೆ ಹತ್ತರಂತೆ ವರ್ಷಕ್ಕೆ 4 ಲಕ್ಷ ಬಡ್ಡಿ ಮಿಕ್ಕಿತು. ದಿನಕ್ಕೆ ನಾಲ್ಕು ಲಾರಿ, ಹೋಗಿಬರಲು ತಲಾ 60 ಕಿ.ಮೀ., ಕಿ.ಮೀ.ಗೆ 30 ರೂಪಾಯಿ ಎಂದರೆ 300 ದಿನಕ್ಕೆ 21 ಲಕ್ಷ 60 ಸಾವಿರ. ನೋಂದಣಿ ಕಚೇರಿಯಲ್ಲಿ ಉಳಿಸಿದ್ದು ಹೆಚ್ಚುಕಡಿಮೆ ಎರಡೇ ವರ್ಷದಲ್ಲಿ ರಸ್ತೆಗೆ ಹೋಯಿತು. ದೂರ ಹೋದವರಿಗೆ ಒಮ್ಮೆ ಸಿಗುವ ಸರ್ಕಾರದ ಸಬ್ಸಿಡಿಯ ಲೆಕ್ಕವೂ ಇದೇ.

ತಪ್ಪು ಕಲ್ಪನೆ: ಕಚ್ಚಾಮಾಲು ಬೆಳೆಯುವಲ್ಲೇ ಕಾರ್ಖಾನೆ ಇರಬೇಕು.

ವಾಸ್ತವ: ಅದು ಮಾಲಿನ ಗುಣದ ಮೇಲಿದೆ. ನೂರು ಟನ್ ಕಬ್ಬು ಅರೆದರೆ ಸಕ್ಕರೆ ಬರುವುದು ಸುಮಾರು ಹತ್ತು ಟನ್. ಉಳಿದದ್ದೆಲ್ಲ ನೀರು, ಸಿಪ್ಪೆ, ಮಡ್ಡಿ, ಕಾಕಂಬಿ. ಸಾಲದ್ದಕ್ಕೆ ಕಡಿದ ಕಬ್ಬು ಗಂಟೆಗಂಟೆಗೂ ಒಣಗುತ್ತದೆ, ಅದರೊಳಗಿನ ಸಕ್ಕರೆಯೂ ಇಳಿಯುತ್ತದೆ. ಹಾಗಾಗಿ ಸಕ್ಕರೆ ಕಾರ್ಖಾನೆ ಗದ್ದೆಯ ಬಳಿಯೇ ಇರಬೇಕು. ಕನ್ನಂಬಾಡಿ ಕಟ್ಟೆಯ ನೀರು ಬಂದ ಸೀಮೆಯ ನಡುವೆ, ಮಂಡ್ಯದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ಸುಮ್ಮನೆ ಅಲ್ಲ.

ದೋಸೆಹಿಟ್ಟಿನ ಲೆಕ್ಕ ತಿರುವುಮುರುವು. ಅಕ್ಕಿ ಗಂಗಾವತಿಯಿಂದಲೇ ಬರಲಿ, ರುಬ್ಬುವುದು ಮಾತ್ರ ಬೆಂಗಳೂರಿನ ಗಲ್ಲಿಯಲ್ಲಿ. ರುಬ್ಬಿದರೆ ನೀರು ಸೇರಿ ತೂಕ ಏರುತ್ತದೆ, ಹುದುಗಿದರೆ ಗಾತ್ರವೂ ಏರುತ್ತದೆ. ಕಾವೇರಿ ನೀರು ಬರುವ ಊರಿಗೆ ತುಂಗಭದ್ರೆಯ ನೀರನ್ನು ಹಿಟ್ಟಿನಲ್ಲಿ ಕಲಸಿ ಸಾಗಿಸುವವರುಂಟೆ!

ತಪ್ಪು ಕಲ್ಪನೆ: ಹಾಕುವಾಗಲೇ ದೊಡ್ಡದು ಹಾಕಿದರೆ ಒಳ್ಳೆಯದು.

ವಾಸ್ತವ: ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯ. ಸಾಮರ್ಥ್ಯ ಎರಡರಷ್ಟಾದರೂ ಯಂತ್ರದ ಖರ್ಚು ಸಾಮಾನ್ಯವಾಗಿ ಒಂದೂವರೆಯಷ್ಟೇ ಆಗುತ್ತದೆ. ಆದರೆ ಮಾಲು ಎಲ್ಲಿಂದ? ದಿನಕ್ಕೆ 2,500 ಟನ್ ಅರೆಯುವ ಕಾರ್ಖಾನೆ 150 ದಿನ ಓಡಲು 3 ಲಕ್ಷ 75 ಸಾವಿರ ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಹಿಡಿದರೆ 9,375 ಎಕರೆ. 5,000 ಟನ್ನಿನದು ಹಾಕಿದರೆ 18,750 ಎಕರೆ. ಅಷ್ಟು ಕಬ್ಬು ಹತ್ತಿರದಲ್ಲಿ ಇಲ್ಲವೆಂದರೆ ಎರಡೇ ದಾರಿ: ದೂರದಿಂದ ತರಿಸಿ ಬಾಡಿಗೆಗೆ ಸುರಿಯುವುದು, ಇಲ್ಲವೇ 75 ದಿನಕ್ಕೇ ಹಂಗಾಮು ಮುಗಿಸಿ ವರ್ಷವಿಡೀ ಬಡ್ಡಿ ಕಟ್ಟುವುದು. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರ ಇರಬೇಕೆಂದು ಕೇಂದ್ರದ ಕಬ್ಬು ನಿಯಂತ್ರಣ ಆದೇಶ ಹೇಳುವುದು ಒಂದೇ ಕಬ್ಬಿಗೆ ನಡೆಯುವ ಪೈಪೋಟಿ ತಿಳಿದೇ. ಗಾತ್ರ ನಿರ್ಧಾರವಾದ ಕ್ಷಣವೇ ಜಾಗದ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ.

ತಪ್ಪು ಕಲ್ಪನೆ: ಮಿಷನ್ ಮೇಲೆ ಬರೆದಿರುವುದೇ ಸಾಮರ್ಥ್ಯ.

ವಾಸ್ತವ: ಹಿಟ್ಟಿನ ಘಟಕಕ್ಕೇ ಮರಳೋಣ. ಗ್ರೈಂಡರ್ ಗಂಟೆಗೆ 100 ಕೆ.ಜಿ. ರುಬ್ಬುತ್ತದೆ, ಪ್ಯಾಕಿಂಗ್ ಮಿಷನ್ 60 ಕೆ.ಜಿ. ತುಂಬುತ್ತದೆ. ಹಾಗಿದ್ದಮೇಲೆ ಘಟಕದ ಸಾಮರ್ಥ್ಯ 60, ಅಷ್ಟೇ. ಆರ್ಡರ್ ಹೆಚ್ಚಾಯಿತೆಂದು ಮಾಲೀಕರು ತರುವುದು ಇನ್ನೊಂದು ಗ್ರೈಂಡರನ್ನು, ಯಾಕೆಂದರೆ ಕಣ್ಣಿಗೆ ಕಾಣುವುದು, ಸದ್ದು ಮಾಡುವುದು ಅದೇ. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮಿನ ಮುಚ್ಚಳ ಎತ್ತಿಕೊಂಡು ಹಿಟ್ಟು ಉಕ್ಕುತ್ತಿರುತ್ತದೆ. ಸಂಜೆಗೆ ಹುಳಿ. ಇಕ್ಕಟ್ಟು ಇರುವ ಕಡೆ ಖರ್ಚು ಮಾಡದೆ ಬೇರೆ ಕಡೆ ಎಷ್ಟು ಸುರಿದರೂ ಒಂದು ಪೊಟ್ಟಣ ಹೆಚ್ಚು ಹೊರಡದು.

ತಪ್ಪು ಕಲ್ಪನೆ: ಮಿಷನ್ ಒಂದು ನಿಮಿಷವೂ ಖಾಲಿ ನಿಲ್ಲಬಾರದು.

ವಾಸ್ತವ: ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ನೋಡಿ. ಒಂದು ಟ್ರ್ಯಾಕ್ಟರ್ ತೂಗಲು ಸರಾಸರಿ ಆರು ನಿಮಿಷ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರುಗಳು ಹೇಳಿ ಕೇಳಿ ಬರುವುದಿಲ್ಲ, ತೂಗುವ ಹೊತ್ತೂ ಒಂದೇ ಸಮ ಇರುವುದಿಲ್ಲ. ಇಂಥಲ್ಲಿ ವೇಬ್ರಿಡ್ಜ್ ಶೇ 80ರಷ್ಟು ಹೊತ್ತು ಬ್ಯುಸಿ ಇದ್ದರೆ, ಸರದಿಯ ಗಣಿತದ ಪ್ರಕಾರ ಸರಾಸರಿ ಕಾಯುವಿಕೆ 24 ನಿಮಿಷ. ಶೇ 90 ಆದರೆ 54 ನಿಮಿಷ. ಶೇ 95ಕ್ಕೆ ಏರಿದರೆ 114 ನಿಮಿಷ! ಕೊನೆಯ ಐದು ಶೇಕಡಾ ಹಿಂಡಲು ಹೋಗಿ ಒಂದು ಗಂಟೆ ಹೆಚ್ಚಿಗೆ ಕಬ್ಬು ಒಣಗಿಸಿದಂತಾಯಿತು. ಡ್ರೈವರು ಟಾರ್ಪಾಲು ಹಾಸಿ ಟ್ರೇಲರಿನಡಿ ಮಲಗಿರುತ್ತಾನೆ. ಒಳಗೆ ಮ್ಯಾನೇಜರು ಯಂತ್ರ ಪೂರ್ತಿ ದುಡಿಯುತ್ತಿದೆಯೆಂದು ಖುಷಿಯಾಗಿರುತ್ತಾರೆ.

ತಪ್ಪು ಕಲ್ಪನೆ: ನ್ಯಾನೋ ಕಾರು ಸೋತದ್ದು ಸಿಂಗೂರಿನ ಗಲಾಟೆಯಿಂದ.

ವಾಸ್ತವ: 2008ರಲ್ಲಿ ಜಮೀನಿನ ಹೋರಾಟದಿಂದಾಗಿ ಟಾಟಾ ಪಶ್ಚಿಮ ಬಂಗಾಳದ ಸಿಂಗೂರು ಬಿಟ್ಟು ಗುಜರಾತಿನ ಸಾನಂದಕ್ಕೆ ಹೋದದ್ದು ನಿಜ, ವರ್ಷಗಳು ಕಳೆದುಹೋದದ್ದೂ ನಿಜ. ಆದರೆ 2010ರಲ್ಲಿ ಸಾನಂದದಲ್ಲಿ ತೆರೆದ ಕಾರ್ಖಾನೆಗೆ ವರ್ಷಕ್ಕೆ 2.5 ಲಕ್ಷ ಕಾರಿನ ಸಾಮರ್ಥ್ಯವಿತ್ತು, ಅತಿ ಹೆಚ್ಚು ಮಾರಾಟವಾದ ವರ್ಷದಲ್ಲೂ ಹೋದದ್ದು ಸುಮಾರು 74 ಸಾವಿರ. ಜಾಗ ಸರಿಯಿತ್ತು, ಬೇಡಿಕೆಯ ಅಂದಾಜು ತಪ್ಪಿತು. ಕಾರ್ಖಾನೆ ಉಳಿದದ್ದು ಅಲ್ಲೇ ಟಿಯಾಗೊದಂಥ ಬೇರೆ ಕಾರು ಮಾಡಲು ಬಂದದ್ದರಿಂದ.

ತಪ್ಪು ಕಲ್ಪನೆ: ಕೊಳ್ಳುವವರು ಗಟ್ಟಿಯಿದ್ದರೆ ಅವರ ಅಳತೆಗೇ ಹೊಲಿಸಬಹುದು.

ವಾಸ್ತವ: ಕುದುರೆಮುಖದ ಕಬ್ಬಿಣದ ಗಣಿ ನೋಡಿ. ಕಡಿಮೆ ಕಬ್ಬಿಣವಿರುವ ಅದಿರು, ಹಾಗಾಗಿ ಗಣಿಯ ಬುಡದಲ್ಲೇ ಶುದ್ಧಿ ಮಾಡಿ ಸಾರವನ್ನಷ್ಟೇ ಕೆಸರುರೂಪದಲ್ಲಿ 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಒಯ್ಯುವ ಏರ್ಪಾಟು. ತೂಕದ ಲೆಕ್ಕದಲ್ಲಿ ಹೆಸರಿಡುವಂತಿಲ್ಲ. 1976ರಲ್ಲಿ ಗಣಿಯ ಕಂಪನಿ ಹುಟ್ಟಿದಾಗ ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯ ಇಟ್ಟದ್ದು ಇರಾನಿನ ಸಾಲ ನಂಬಿ, ಇರಾನಿನ ಖರೀದಿ ನಂಬಿ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ದೊರೆ ಷಾ ಹೋದರು, ಖರೀದಿಯೂ ಹೋಯಿತು. ಯಂತ್ರಗಳು ತಯಾರಾದಾಗ ಗಿರಾಕಿಯೇ ಇಲ್ಲ. ಬೇರೆ ದೇಶಗಳಲ್ಲಿ ಕೊಳ್ಳುವವರನ್ನು ಹುಡುಕಬೇಕಾಯಿತು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಸಾರವನ್ನು ಉಂಡೆ (ಪೆಲೆಟ್) ಕಟ್ಟುವ ಘಟಕವೂ ಬಂತು. ಇಷ್ಟೆಲ್ಲ ಸುಧಾರಿಸಿಕೊಂಡ ಮೇಲೆ ಎದ್ದದ್ದು ಜಾಗದ ಪ್ರಶ್ನೆ: ಗಣಿಯಿದ್ದದ್ದು ಭದ್ರೆ ಹುಟ್ಟುವ ಕಾಡಿನಲ್ಲಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಬೆಟ್ಟದಲ್ಲಿ ಇನ್ನೂ ಇದೆ.

ನೀವೇ ಒಂದು ಘಟಕ ಹಾಕುವವರಾದರೆ, ಬ್ಯಾಂಕಿಗೆ ವರದಿ ಕೊಡುವ ಮುನ್ನ ಮಾರಾಟದ ಅಂಕಿಯನ್ನು ಅರ್ಧಕ್ಕಿಳಿಸಿ, ಸಾಗಣೆಯ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ ಇನ್ನೊಮ್ಮೆ ಕೂಡಿ ನೋಡಿ. ಆಗಲೂ ಕಂತು ಕಟ್ಟಬಹುದು ಎನಿಸಿದರೆ ಸಹಿ ಹಾಕಿ.