ವಿಮಾನ ಪ್ರಯಾಣದಲ್ಲಿ ಸ್ನಾನ ಸಾಮಗ್ರಿಗಳ ಮಾದರಿ: ಗಮನಿಸಬೇಕಾದ ಅಂಶಗಳು

ವಿದೇಶದ ವ್ಯಾಪಾರ ಮೇಳಗಳಿಗೆ ತೆರಳುವ ನಮ್ಮ ಸಣ್ಣ ಉದ್ದಿಮೆದಾರರು ಶಾಂಪೂ, ಕೇಶತೈಲ, ಸುಗಂಧದ್ರವ್ಯಗಳ ಮಾದರಿಗಳನ್ನು ಕೈಚೀಲದಲ್ಲಿಯೇ ಒಯ್ಯುವುದುಂಟು. ಭದ್ರತಾ ತಪಾಸಣೆಯಲ್ಲಿ ಅವನ್ನು ಬಿಟ್ಟುಕೊಡಬೇಕಾಗಿ ಬಂದರೆ ಗ್ರಾಹಕನೆದುರು ಬರಿಗೈಯಲ್ಲಿ ನಿಲ್ಲುವ ಪ್ರಸಂಗ ಒದಗುತ್ತದೆ.

2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕಗಳ ಸಂಚು ಬಯಲಾದ ತರುವಾಯ ಈ ನಿರ್ಬಂಧ ಬಂದಿತು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗಿನ ದ್ರವ, ಜೆಲ್, ಕ್ರೀಮ್, ಪೇಸ್ಟ್‌ಗಳ ಪ್ರತಿ ಸೀಸೆಯೂ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಗಣನೆಗೆ ಬರುವುದು ಸೀಸೆಯ ಅಳತೆಯೇ ಹೊರತು ಒಳಗಿನ ಪ್ರಮಾಣವಲ್ಲ. 200 ಮಿ.ಲೀ. ಸೀಸೆಯಲ್ಲಿ 50 ಮಿ.ಲೀ. ಮಾತ್ರ ಇದ್ದರೂ ಅದಕ್ಕೆ ಅನುಮತಿಯಿಲ್ಲ. ಗಟ್ಟಿ ಸಾಬೂನಿಗೆ ಈ ಮಿತಿ ಇಲ್ಲ. ಹೊಸ ಸ್ಕ್ಯಾನರುಗಳು ಬಂದಿರುವ ಕೆಲವು ವಿದೇಶೀ ನಿಲ್ದಾಣಗಳಲ್ಲಿ ಮಿತಿ ಸಡಿಲಗೊಂಡಿದೆಯಾದರೂ, ವಿಮಾನ ಬದಲಿಸುವ ನಿಲ್ದಾಣದ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಚೆಕ್-ಇನ್ ಸಾಮಾನಿನಲ್ಲಿ ಸುಗಂಧದ್ರವ್ಯ, ಹೇರ್ ಸ್ಪ್ರೇ ಮೊದಲಾದವುಗಳಿಗೆ ಪ್ರತಿ ಸೀಸೆಗೆ 500 ಮಿ.ಲೀ., ಒಟ್ಟು 2 ಲೀಟರ್ ಮಿತಿಯುಂಟು. ಆದರೆ ಈ ರಿಯಾಯಿತಿ ಸ್ವಂತ ಬಳಕೆಗೆ ಮಾತ್ರ. ಮದ್ಯಸಾರಯುಕ್ತ ಸುಗಂಧದ್ರವ್ಯದ ವ್ಯಾಪಾರೀ ಮಾದರಿಗಳನ್ನು ಯುಎನ್ 1266 ಸಂಖ್ಯೆಯಡಿ ಅಪಾಯಕಾರಿ ಸರಕೆಂದು ಘೋಷಿಸಿ ಕಾರ್ಗೋ ಮೂಲಕ ಕಳುಹಿಸಬೇಕು.

ಎತ್ತರದಲ್ಲಿ ಒತ್ತಡ ಇಳಿದಾಗ ಸೀಸೆಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಹೊರದೂಡುತ್ತದೆ. ಆದುದರಿಂದ ಮೆತ್ತನೆಯ ಸೀಸೆಯನ್ನು ಅದುಮಿ ಗಾಳಿ ತೆಗೆದು, ಮುಚ್ಚಳ ಬಿಗಿದು, ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿಡುವುದು ಲೇಸು.

ಕೊನೆಯದಾಗಿ ಲೆಕ್ಕದ ಮಾತು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 17(5)(ಎಚ್) ಪ್ರಕಾರ ಕಳೆದುಹೋದ ಅಥವಾ ಉಚಿತ ಮಾದರಿಯಾಗಿ ಹಂಚಿದ ಸರಕಿಗೆ ಇನ್‌ಪುಟ್ ತೆರಿಗೆಯ ಜಮೆ ದೊರೆಯದು. ಒಯ್ದ ಮಾದರಿಗಳ ಪಟ್ಟಿಯನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಿಟ್ಟರೆ ಮುಂದಿನ ತೊಡಕು ತಪ್ಪುತ್ತದೆ.