ನ್ಯಾಯಸಮ್ಮತ ನಿರೀಕ್ಷೆ: ಸರ್ಕಾರದ ಮಾತಿಗೆ ಕಟ್ಟುಂಟೆ?

ಊಟಕ್ಕೆಂದು ಕರೆದು, ಪಂಕ್ತಿಯಲ್ಲಿ ಕುಳ್ಳಿರಿಸಿ, ಎಲೆ ಹಾಕಿದ ತರುವಾಯ ಕಾರಣ ಹೇಳದೆ ಏಳೆಂದರೆ ಅದು ಅನ್ಯಾಯವೆಂದು ಯಾರಾದರೂ ಒಪ್ಪುತ್ತಾರೆ. ಬಡಿಸುವವನ ಮೇಲೆ ಕುಳಿತವನಿಗೆ ಸಾಲಗಾರನ ಮೇಲಿರುವಂಥ ಹಕ್ಕಿಲ್ಲವೆಂಬುದು ದಿಟ. ಆದರೂ ಎಲೆ ಹಾಕಿದವನಿಗೆ ಒಂದು ಹೊಣೆ ಅಂಟಿಕೊಂಡಿದೆ. ಈ ಲೋಕಾನುಭವವನ್ನೇ ಆಡಳಿತ ಕಾನೂನು ‘ನ್ಯಾಯಸಮ್ಮತ ನಿರೀಕ್ಷೆ’ ಎಂಬ ತತ್ತ್ವವಾಗಿ ಸ್ವೀಕರಿಸಿದೆ. ಭಾಷೆ ಕಲಿಸುವವನಾದ ನಾನು ಕಾನೂನು ಪಂಡಿತನಲ್ಲ. ಆದರೆ ವಿದ್ಯಾಸಂಸ್ಥೆಗಳನ್ನು ಕಟ್ಟುವವರೂ ನಡೆಸುವವರೂ ಅರಿತಿರತಕ್ಕ ವಿಷಯವಿದೆಂದು ಭಾವಿಸಿ ಈ ಕಿರುಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಆಶೆ, ನಿರೀಕ್ಷೆ, ಹಕ್ಕು ಇವು ಮೂರೂ ಒಂದಲ್ಲ. ಮನಸ್ಸು ತನ್ನಷ್ಟಕ್ಕೆ ತಾನೇ ಬಯಸುವುದು ಆಶೆ. ‘ಈಕ್ಷ್’ ಎಂದರೆ ನೋಡು. ಬರುವೆನೆಂದು ಹೇಳಿದವನ ದಾರಿ ನೋಡುವುದು ನಿರೀಕ್ಷೆ. ಕಾನೂನೇ ಕೊಡಿಸುವಂಥದು ಹಕ್ಕು. ಅಧಿಕಾರಸ್ಥರು ಸ್ಪಷ್ಟವಾಗಿ ಕೊಟ್ಟ ವಚನದಿಂದಾಗಲಿ, ಬಹುಕಾಲ ತಪ್ಪದೆ ಪಾಲಿಸಿಕೊಂಡು ಬಂದ ಪದ್ಧತಿಯಿಂದಾಗಲಿ ಹುಟ್ಟಿದ ನಿರೀಕ್ಷೆಯೇ ನ್ಯಾಯಸಮ್ಮತವಾದುದು. ಅದು ಹಕ್ಕಿಗಿಂತ ಕೆಳಗೆ, ಆಶೆಗಿಂತ ಮೇಲೆ ನಿಲ್ಲುತ್ತದೆ.

ಇಂಗ್ಲೆಂಡಿನಲ್ಲಿ ವಾಸದ ಅವಧಿಯನ್ನು ವಿಸ್ತರಿಸಲೊಪ್ಪದ ಸರ್ಕಾರದ ವಿರುದ್ಧ ವಿದೇಶೀ ವಿದ್ಯಾರ್ಥಿಗಳು ಹೂಡಿದ ಷ್ಮಿಟ್ ಮೊಕದ್ದಮೆಯಲ್ಲಿ ಲಾರ್ಡ್ ಡೆನ್ನಿಂಗ್ ಈ ಪದವನ್ನು ಬಳಸಿದರು. ಅವಧಿ ಮುಗಿದ ಮೇಲೆ ಉಳಿಯುವ ಹಕ್ಕು ವಿದ್ಯಾರ್ಥಿಗಳಿಗಿಲ್ಲ. ಆದರೆ ಅವಧಿಗೆ ಮುನ್ನವೇ ಅನುಮತಿಯನ್ನು ರದ್ದುಪಡಿಸಿದ್ದರೆ ಅವರ ಅಹವಾಲನ್ನು ಕೇಳಬೇಕಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ. ವಿದ್ಯಾರ್ಥಿಗಳು ಸೋತರು, ತತ್ತ್ವವು ಬಾಳಿತು.

ನಮ್ಮ ದೇಶದಲ್ಲಿ ಈ ತತ್ತ್ವಕ್ಕೆ ಸಂಬಂಧಿಸಿ ಮೊದಲು ಹೆಸರಿಸುವ ತೀರ್ಪು ಶಾಲೆಗಳನ್ನು ಕುರಿತದ್ದೇ ಆಗಿರುವುದು ಗಮನಾರ್ಹ. ಹೊಸ ಶಾಲೆ ತೆರೆಯುವುದಕ್ಕೂ ಇದ್ದ ಶಾಲೆಗಳನ್ನು ಮೇಲ್ದರ್ಜೆಗೆ ಏರಿಸುವುದಕ್ಕೂ ಮಂಜೂರಾತಿ ಕೊಟ್ಟ ಕೇರಳ ಸರ್ಕಾರವು, ಹದಿನೈದು ದಿನಗಳಲ್ಲಿಯೇ ಅದನ್ನು ತಡೆಹಿಡಿಯಿತು. ಮಾಧವನ್ ಪಿಳ್ಳೈ ಮೊಕದ್ದಮೆಯಲ್ಲಿ, 1988ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಮೊದಲ ಆದೇಶದಿಂದ ಅರ್ಜಿದಾರರಲ್ಲಿ ನ್ಯಾಯಸಮ್ಮತ ನಿರೀಕ್ಷೆ ಹುಟ್ಟಿತ್ತೆಂದೂ, ಎರಡನೆಯ ಆದೇಶವು ಸಹಜನ್ಯಾಯಕ್ಕೆ ವಿರುದ್ಧವೆಂದೂ ಹೇಳಿತು. ಒಂದು ಮಂಜೂರಾತಿ ಪತ್ರವನ್ನು ನಂಬಿ ನಿವೇಶನ ಕೊಂಡು, ದಾನ ಸಂಗ್ರಹಿಸಿ, ಅಡಿಪಾಯ ತೋಡುವ ಸಂಸ್ಥೆಗಳಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸರ್ಕಾರ ತನ್ನ ನೀತಿಯನ್ನು ಬದಲಿಸಲೇ ಕೂಡದೆ? ಹಾಗಲ್ಲ. ಹಾಳಾದ ಆಹಾರಧಾನ್ಯದ ಮಾರಾಟದಲ್ಲಿ ಅತಿ ಹೆಚ್ಚಿನ ಟೆಂಡರು ಹಾಕಿದವರನ್ನು ಬಿಟ್ಟು, ಎಲ್ಲರೊಡನೆ ಮಾತುಕತೆ ನಡೆಸಿ ಇನ್ನೂ ಹೆಚ್ಚು ಬೆಲೆ ಪಡೆದ ಭಾರತ ಆಹಾರ ನಿಗಮದ ಕ್ರಮವನ್ನು 1992ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿಯಿತು. ನಿರೀಕ್ಷೆಯು ತಾನಾಗಿಯೇ ಹಕ್ಕಾಗದು. ಆದರೆ ಅದನ್ನು ಗಣನೆಗೇ ತೆಗೆದುಕೊಳ್ಳದ ನಿರ್ಧಾರವು ಸ್ವೇಚ್ಛೆಯ ನಿರ್ಧಾರವಾಗಿ, ಸಮಾನತೆಯನ್ನು ವಿಧಿಸುವ ಸಂವಿಧಾನದ 14ನೆಯ ವಿಧಿಗೆ ವಿರುದ್ಧವಾಗಬಹುದು ಎಂಬುದು ಆ ತೀರ್ಪಿನ ಸಾರ. ನೀತಿ ಉತ್ತಮವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೂಗುವುದಿಲ್ಲ. ವಚನವಿತ್ತೆ, ಅದನ್ನು ಬಿಡಲು ಸಾರ್ವಜನಿಕ ಹಿತದ ಕಾರಣವಿತ್ತೆ, ಬಾಧಿತರನ್ನು ಕೇಳಿದರೆ, ಇವುಗಳನ್ನು ವಿಚಾರಿಸುತ್ತದೆ.

ವಿಳಂಬದ ಅಪಾಯವನ್ನೂ ಹೇಳಬೇಕು. ಕೇರಳದ ಜಿಲ್ಲಾ ನ್ಯಾಯಾಧೀಶರ ಆಯ್ಕೆಯಲ್ಲಿ, ಸಂದರ್ಶನ ಮುಗಿದ ಮೇಲೆ ಅದಕ್ಕೆ ಕನಿಷ್ಠ ಅಂಕವನ್ನು ಗೊತ್ತುಪಡಿಸಲಾಯಿತು. ಹೀಗೆ ಮಾಡಿದ್ದು ಉಚ್ಚ ನ್ಯಾಯಾಲಯವೇ! ಇದು ಅಭ್ಯರ್ಥಿಗಳ ನ್ಯಾಯಸಮ್ಮತ ನಿರೀಕ್ಷೆಗೆ ಭಂಗವೆಂದು 2023ರಲ್ಲಿ ಸಂವಿಧಾನ ಪೀಠವು ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಆರು ವರ್ಷ ಕಳೆದಿದ್ದವು, ಆಯ್ಕೆಯಾದವರನ್ನು ಪದಚ್ಯುತಗೊಳಿಸಲಿಲ್ಲ. ಅರ್ಜಿದಾರರಿಗೆ ನ್ಯಾಯದ ಮಾತು ದೊರೆಯಿತು, ಸ್ಥಾನ ದೊರೆಯಲಿಲ್ಲ.

ಆದುದರಿಂದ ಸಂಸ್ಥೆಗಳು ಬಾಯಿಮಾತನ್ನು ನೆಚ್ಚದೆ ಲಿಖಿತ ಆದೇಶಗಳನ್ನು ಜೋಪಾನವಾಗಿಡಬೇಕು, ಮಾತು ತಪ್ಪಿದಾಗ ಕಾರಣವನ್ನು ಬರೆಹದಲ್ಲಿ ಕೇಳಬೇಕು, ಕಾಲಹರಣ ಮಾಡಬಾರದು. ಇದರೊಡನೆ ನಮ್ಮನ್ನೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪ್ರವೇಶ ಕೊಡುವೆವೆಂದು ಪೋಷಕರಿಗೆ, ಕೆಲಸ ಕಾಯಂ ಮಾಡುವೆವೆಂದು ಕಿರಿಯ ಉಪಾಧ್ಯಾಯರಿಗೆ ನಾವೂ ಮಾತು ಕೊಟ್ಟಿರುತ್ತೇವೆ. ಅವರೂ ನಮ್ಮ ದಾರಿ ನೋಡುತ್ತಿರುತ್ತಾರೆ. ಸರ್ಕಾರದಿಂದ ನಾವು ಬಯಸುವ ನ್ಯಾಯವನ್ನು ಅವರಿಗೆ ಸಲ್ಲಿಸಲು ಕೋರ್ಟಿನ ಆದೇಶಕ್ಕಾಗಿ ಕಾಯಬೇಕಾಗಿಲ್ಲ.